ಬ್ಯಾರನ್ನಿನ ಕ್ಯೂರು, ಆಸ್ಪತ್ರೆಯ ಕ್ಯೂರು

ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದ ನಾಲ್ಕು ಜನ ಹುಡುಗಿಯರು ಹುಣಸೂರಿನ ನಮ್ಮ ಮನೆಗೆ ಬಂದಿದ್ದರು. ಹಳ್ಳಿಯ ಉಪಕೇಂದ್ರಗಳಿಗೆ ಆರೋಗ್ಯ ಸಹಾಯಕಿಯರಾಗಿ ಹೋಗುವವರು, ಅಂದರೆ ನಾನು ಮಾಡಿ ಬಿಟ್ಟ ಕೆಲಸಕ್ಕೇ ಬಂದವರು. ಮೊಣಕಾಲು ಕೇಳದೆ ನಾನು ಅವಧಿಗೆ ಮೊದಲೇ ನಿವೃತ್ತಿ ತಗೊಂಡು ಮನೆಯಲ್ಲಿದ್ದೇನೆ. ಉಪ್ಪಿಟ್ಟು ತಿಂದು ಕಾಫಿ ಕುಡಿದು, ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಅವರಲ್ಲೊಬ್ಬಳು, "ಮೇಡಮ್, ಮೊದಲು ಏನು ಕಲೀಬೇಕು ಹೇಳಿ" ಅಂದಳು. ಸೂಜಿ ಹಾಕುವುದು, ಬಿಪಿ ನೋಡುವುದು, ಮೊಬೈಲಿನಲ್ಲಿ ಮಾಹಿತಿ ತುಂಬುವುದು, ಇದೆಲ್ಲ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. "ಕ್ಯೂರ್ ಅನ್ನೋ ಮಾತಿಗೆ ಎಷ್ಟು ಅರ್ಥ ಇದೆ ಅಂತ ಕಲೀರಿ" ಅಂದೆ. ತಮಾಷೆ ಅಂದುಕೊಂಡು ನಕ್ಕರು. ಪಿರಿಯಾಪಟ್ಟಣದ ಬಸ್ಸು ಹೊರಡುವ ಹೊತ್ತಾಗಿತ್ತು, ಓಡಿದರು. ನಾನು ತಮಾಷೆ ಮಾಡಿರಲಿಲ್ಲ. ಅವರಿಗೆ ಆವತ್ತು ಹೇಳಲಾಗದ್ದನ್ನು ಈಗ ಕೂತು ಬರೆಯುತ್ತಿದ್ದೇನೆ.

ಈ ಕೆಲಸದಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಬಾಯಿಂದ ಬರುವ ಇಂಗ್ಲಿಷ್ ಮಾತು ಅಂದರೆ ಕ್ಯೂರ್. ವಾಸಿ ಅನ್ನುವ ಚೆಂದದ ಮಾತು ನಮ್ಮಲ್ಲೇ ಇದೆ. ಆದರೂ ತರಬೇತಿಯಲ್ಲಿ ಕ್ಯೂರ್ ಅಂತ ಕೇಳಿ ಕೇಳಿ ನಾವೂ ಅದನ್ನೇ ಹಿಡಿದುಕೊಂಡೆವು. ಜನಕ್ಕೂ ಇಂಗ್ಲಿಷ್‌ನಲ್ಲಿ ಹೇಳಿದರೆ ಮಾತ್ರೆಗೆ ಸ್ವಲ್ಪ ಶಕ್ತಿ ಜಾಸ್ತಿ ಬಂದ ಹಾಗೆ ಕಾಣುತ್ತಿತ್ತು. ಆಸ್ಪತ್ರೆ ಮುಂದೆ ನಿಂತವರು "ಕ್ಯೂನಲ್ಲಿ ನಿಂತ್ರೇನೇ ಕ್ಯೂರಾಗೋದು ಕಣ್ರೀ" ಅಂತ ತಮಾಷೆ ಮಾಡಿಕೊಳ್ಳುತ್ತಿದ್ದರು. ನಾವೂ ನಗುತ್ತಿದ್ದೆವು. ಆ ಮಾತಿಗೆ ಬೇರೆ ಬೇರೆ ಅರ್ಥಗಳಿವೆ ಅಂತ ನನಗೆ ಮೊದಲು ತಿಳಿಸಿಕೊಟ್ಟದ್ದು ಕೆ.ಆರ್. ನಗರದ ಕಡೆ ಒಂದು ಹಳ್ಳಿಯ ಮುದುಕಿ.

ನಾನು ಆಗ ಕೆಲಸಕ್ಕಿದ್ದ ಅಲ್ಲಿನ ಉಪಕೇಂದ್ರಕ್ಕೆ ಹೊಸ ಕಟ್ಟಡ ಏಳುತ್ತಿತ್ತು. ತಾರಸಿ ಹಾಕಿ ಮುಗಿದಿತ್ತು. ನಾನು ಪಕ್ಕದ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಬಂದವರನ್ನು ನೋಡುತ್ತಿದ್ದೆ. ಕೆಂಪಮ್ಮ ಅಂತ ಒಬ್ಬ ಅಜ್ಜಿ, ಸಕ್ಕರೆ ಕಾಯಿಲೆಯವಳು, ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬರುತ್ತಿದ್ದಳು. "ಅಜ್ಜಿ, ಕ್ಯೂರ್ ಆಗ್ಬೇಕಾದ್ರೆ ನೀರು ತಾಕಿಸಬೇಡಿ" ಅಂತ ನಾನು ಹೇಳುತ್ತಿದ್ದ ಹೊತ್ತಿಗೇ ಮೇಸ್ತ್ರಿ ಮೇಲಿನಿಂದ ಬಗ್ಗಿ, "ಸಿಸ್ಟರ್, ನಾಳೆ ನಾನು ಬರಲ್ಲ. ಕ್ಯೂರಿಂಗ್ ನಿಲ್ಲಿಸಬೇಡಿ. ಬೆಳಗ್ಗೆ ಸಾಯಂಕಾಲ ನೀರು ಬಿಡಿ" ಅಂದ.

ಅಜ್ಜಿ ನನ್ನನ್ನು ನೋಡಿದಳು, ತಾರಸಿ ನೋಡಿದಳು. "ಅಲ್ಲ ಕಣವ್ವ, ನನ್ ಕಾಲು ಕ್ಯೂರಾಗಕ್ಕೆ ನೀರು ಸೋಕುಸ್ಬ್ಯಾಡ ಅಂತೀಯ. ನಿನ್ ತಾರಸಿ ಕ್ಯೂರಾಗಕ್ಕೆ ಎಲ್ಡೊತ್ತೂ ನೀರು ಬುಡು ಅಂತಾನೆ ಅವ್ನು. ನನ್ ಕಾಲು ತಾರಸಿಗಿಂತ ಕಡೆಯಾಗೋಯ್ತಾ?"

ಮೇಸ್ತ್ರಿ ಮೇಲಿನಿಂದಲೇ, "ನಿನ್ ಕಾಲಿಗೂ ವಸಿ ಸಿಮೆಂಟ್ ಆಕ್ಲಾ ಅಜ್ಜಿ?" ಅಂದ.

"ಆಕಪ್ಪ, ಆಕು. ಮಿಕ್ಕಿದ್ದು ನಿನ್ ತಲೆಗೆ ಬಳ್ಕೋ, ಅಲ್ಲೇ ಸೋರ್ತಾ ಇರೋದು."

ನಾನು ನಗುತ್ತಾ ಪಟ್ಟಿ ಕಟ್ಟಿದೆನಾದರೂ ಅಜ್ಜಿಯ ಪ್ರಶ್ನೆ ತಲೆಯಲ್ಲೇ ಉಳಿಯಿತು. ಕಾಲಿಗೆ ಒಣಗಿಸುವುದು ಕ್ಯೂರ್, ಕಾಂಕ್ರೀಟಿಗೆ ನೆನೆಸುವುದು ಕ್ಯೂರ್. ಒಂದೇ ಮಾತು ಎರಡು ಕಡೆ ತಿರುಗಿ ಕೂತಿತ್ತು.

ಆ ತಿಂಗಳ ಮೀಟಿಂಗಿನಲ್ಲಿ ಇದನ್ನು ಅಣ್ಣಮ್ಮ ಮೇಡಮ್‌ಗೆ ಹೇಳಿದೆ. ಅಣ್ಣಮ್ಮ ಮೇಡಮ್ ನಮ್ಮ ಮೇಲ್ವಿಚಾರಕಿ. ವಯನಾಡಿನಲ್ಲಿ ಹುಟ್ಟಿ ಎಚ್.ಡಿ. ಕೋಟೆಯಲ್ಲಿ ಬೆಳೆದವರು. ಕನ್ನಡ ಚೆನ್ನಾಗಿ ಆಡುತ್ತಿದ್ದರು, ನಮ್ಮನ್ನು ಮೋಳೇ, ಅಂದರೆ ಮಗಳೇ, ಅಂತ ಕರೆಯುವಾಗ ಮತ್ತು ಕೋಪ ಬಂದಾಗ ಮಾತ್ರ ಮಲಯಾಳಕ್ಕೆ ಹೋಗುತ್ತಿದ್ದರು. ಹಾಗಾಗಿ ಅವರ ಬೈಗುಳದ ಅರ್ಧ ನಮಗೆ ತಾಗುತ್ತಲೇ ಇರಲಿಲ್ಲ. ಲಸಿಕೆ ಡಬ್ಬಿಯ ಮುಚ್ಚಳ ತೆಗೆದು ಐಸ್ ಮೇಲೆ ಅಂಗೈ ಇಟ್ಟು ನೋಡುವರು. ನಾವು ಊಟ ಮಾಡಿದ್ದೀವಾ ಅಂತಲೂ ಅಷ್ಟೇ ಗಟ್ಟಿಯಾಗಿ ಕೇಳುವರು. ಊಟ ಮಾಡಿಲ್ಲ ಅಂದರೂ ಬೈಗುಳವೇ.

ಕೆಂಪಮ್ಮನ ಮಾತು ಕೇಳಿ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, "ಮೋಳೇ, ಆ ಅಜ್ಜಿ ಸರಿಯಾಗೇ ಕೇಳಿದ್ದಾಳೆ. ನಮ್ಮ ಚರ್ಚಿನಲ್ಲಿ ಇನ್ನೊಂದು ಕ್ಯೂರ್ ಇದೆ" ಅಂದರು. ಹಳೇ ಇಂಗ್ಲಿಷ್‌ನಲ್ಲಿ ಫಾದರ್ ತನ್ನ ಜನರನ್ನು ನೋಡಿಕೊಳ್ಳುವ ಕೆಲಸಕ್ಕೇ ಕ್ಯೂರ್ ಅಂತಿದ್ದರಂತೆ. ಅವರ ಕೈಕೆಳಗಿನ ಚಿಕ್ಕ ಫಾದರಿಗೆ ಕ್ಯುರೇಟ್ ಅಂತ ಹೆಸರು. ಎಲ್ಲಕ್ಕೂ ಮೂಲ ಲ್ಯಾಟಿನ್ನಿನ ಕೂರಾ ಅನ್ನುವ ಮಾತು. ಅದರ ಅರ್ಥ ಜೋಪಾನ ಮಾಡುವುದು, ಕಾಳಜಿ, ಚಿಂತೆ. ವಾಸಿ ಅನ್ನುವ ಅರ್ಥ ಅದಕ್ಕೆ ಆಮೇಲೆ ಬಂದು ಸೇರಿದ್ದು. ಮೀನು, ಮಾಂಸಕ್ಕೆ ಉಪ್ಪು ಹಾಕಿ, ಹೊಗೆ ಕೊಟ್ಟು ಕೆಡದಂತೆ ಇಡುವುದಕ್ಕೆ ಕ್ಯೂರ್ ಅಂದದ್ದು ಇನ್ನೂ ಆಮೇಲೆ.

"ಸೆಕ್ಯೂರಿಟಿ ಅನ್ನೋದೂ ಇದರದ್ದೇ ಮಗು. ಚಿಂತೆ ಇಲ್ಲದೆ ಇರೋದು ಅಂತ."

"ಅದಕ್ಕೇ ಆಸ್ಪತ್ರೆ ಗೇಟಲ್ಲಿರೋ ಸೆಕ್ಯೂರಿಟಿ ಯಾವಾಗಲೂ ನಿದ್ದೆ ಮಾಡೋದಾ ಮೇಡಮ್?" ಅಂದೆ.

"ಅದಕ್ಕೇ. ಅಕ್ಯುರೇಟ್ ಅನ್ನೋದೂ ಇದರದ್ದೇ, ಜೋಪಾನವಾಗಿ ಮಾಡಿದ್ದು ಅಂತ. ನಿನ್ನ ಈ ತಿಂಗಳ ರಿಪೋರ್ಟಿಗೂ ಆ ಮಾತಿಗೂ ಮಾತ್ರ ಯಾವ ನೆಂಟಸ್ತನವೂ ಇಲ್ಲ. ತಗೊಂಡು ಹೋಗು, ಇನ್ನೊಂದು ಸಲ ಬರಿ."

ನಿವೃತ್ತಿಯಾದ ಮೇಲೆ ಮೊಬೈಲಿನಲ್ಲಿ ಹುಡುಕಿ ನೋಡಿದೆ. ಮೇಡಮ್ ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ರಿಪೋರ್ಟಿನ ವಿಚಾರವೂ.

ಅಲ್ಲಿಂದ ನನಗೆ ವರ್ಗ ಆದದ್ದು ಪಿರಿಯಾಪಟ್ಟಣ ತಾಲ್ಲೂಕಿಗೆ, ರಾವಂದೂರಿನಿಂದ ಒಳಗೆ ಹೋಗುವ ಒಂದು ಊರಿಗೆ. ಬಹಳ ವರ್ಷ ಇದ್ದದ್ದೂ ಅಲ್ಲೇ. ಹೊಗೆಸೊಪ್ಪಿನ ಸೀಮೆ. ಊರಿಗೆ ಹತ್ತಿರವಾದಂತೆ ಹೊಲದ ನಡುವೆ ಕಿಟಕಿ ಇಲ್ಲದ, ಗೋಪುರದಷ್ಟು ಎತ್ತರದ ಕೋಣೆಗಳು ಕಾಣುತ್ತವೆ. ಅವೇ ಬ್ಯಾರನ್ನುಗಳು. ಹಸಿರು ಸೊಪ್ಪನ್ನು ಕೋಲಿಗೆ ಪೋಣಿಸಿ, ಒಳಗೆ ಅಟ್ಟಅಟ್ಟವಾಗಿ ನೇತುಹಾಕಿ, ಹೊರಗಿನ ಒಲೆಯಲ್ಲಿ ಸೌದೆ ಉರಿಸಿ, ಕೊಳವೆಯಲ್ಲಿ ಬಿಸಿ ಹಾಯಿಸಿ ಹಳದಿ ಮಾಡಿ ಒಣಗಿಸುತ್ತಾರೆ. ಅದಕ್ಕೆ ಅಲ್ಲಿನವರು ಹೇಳುವುದು ಕ್ಯೂರಿಂಗ್ ಅಂತಲೇ. ಅದು ಇಂಗ್ಲಿಷ್ ಅಂತ ಯಾರೂ ಅಂದುಕೊಂಡಿಲ್ಲ. ಹಾಲು ಕರೆಯುವುದು, ಗೊಬ್ಬರ ಹೊರುವುದು ಇದ್ದ ಹಾಗೆ ಅದೂ ಒಂದು. "ಕ್ಯೂರಿಂಗ್ ಟೈಮು" ಅಂದರೆ ಒಂದು ಕಾಲ. ಆಗ ಮದುವೆ ಇಟ್ಟುಕೊಳ್ಳುವುದಿಲ್ಲ. ನೆಂಟರ ಮನೆಗೆ ಹೋದವರು ಚಪ್ಪಲಿ ಬಿಡುವ ಮೊದಲೇ ವಾಪಸ್ ಹೊರಡುತ್ತಾರೆ. ಮಗುವಿಗೆ ಚುಚ್ಚುಮದ್ದು ಹಾಕಿಸಿ ಅಂದರೆ, "ಕ್ಯೂರಿಂಗ್ ಕಳೀಲಿ ಸಿಸ್ಟ್ರಮ್ಮ" ಅನ್ನುತ್ತಾರೆ.

ನನ್ನನ್ನು ಆ ಊರಿನಲ್ಲಿ ಎಲ್ಲರೂ ಸಿಸ್ಟ್ರಮ್ಮ ಅಂತಿದ್ದರು. ಅಕ್ಕನೂ ಆಯಿತು, ಅಮ್ಮನೂ ಆಯಿತು. ಅಣ್ಣಮ್ಮ ಮೇಡಮ್ ಅದನ್ನು ಕೇಳಿ, "ನಿನಗೆ ಎರಡು ಪೋಸ್ಟು ಕೊಟ್ಟಿದ್ದಾರೆ, ಸಂಬಳ ಮಾತ್ರ ಒಂದೇ" ಅನ್ನುತ್ತಿದ್ದರು.

ಆ ಊರಿನಲ್ಲಿ ಬೋರಣ್ಣ ಅಂತ ಒಬ್ಬನಿದ್ದ. ಅವನನ್ನು ಕ್ಯೂರಿಂಗ್ ಬೋರಣ್ಣ ಅಂತಲೇ ಕರೆಯುತ್ತಿದ್ದರು. ಸ್ವಂತಕ್ಕೆ ಒಂದು ಬ್ಯಾರನ್ ಇತ್ತು. ಜೊತೆಗೆ ಅಕ್ಕಪಕ್ಕದವರೂ ತಮ್ಮ ಬ್ಯಾರನ್ನಿಗೆ ಉರಿ ಎಷ್ಟು ಬೇಕು, ಮೇಲಿನ ಗಾಳಿಕಿಂಡಿ ಯಾವಾಗ ತೆಗೆಯಬೇಕು ಅಂತ ಅವನನ್ನೇ ಕರೆದು ತೋರಿಸುತ್ತಿದ್ದರು. ಬಾಗಿಲ ಸಂದಿಗೆ ಮೂಗಿಟ್ಟು ವಾಸನೆಯಲ್ಲೇ ಸೊಪ್ಪು ಎಲ್ಲಿಗೆ ಬಂದಿದೆ ಅಂತ ಹೇಳುತ್ತಾನೆ ಅಂತ ಅವನ ಹೆಂಡತಿ ತಾಯಮ್ಮನೇ ಹೇಳುತ್ತಿದ್ದಳು. "ಸೊಪ್ಪಿನ ವಾಸ್ನೆ ಗೊತ್ತಾಯ್ತದೆ, ಸಾರು ಸೀಯೋ ವಾಸ್ನೆ ಗೊತ್ತಾಗಕಿಲ್ಲ" ಅಂತ ಸೇರಿಸುತ್ತಿದ್ದಳು.

ಒಂದು ವರ್ಷ ಸಸಿ ನೆಡುವ ಕಾಲಕ್ಕೆ ಬೋರಣ್ಣನಿಗೆ ಕೆಮ್ಮು ಹಿಡಿಯಿತು. ಬೀಡಿ ಕೆಮ್ಮು ಅಂದುಕೊಂಡು ಬೀಡಿ ಬಿಟ್ಟ, ಕೆಮ್ಮು ಅವನನ್ನು ಬಿಡಲಿಲ್ಲ. ಅಂಗಿ ದೊಗಲೆಯಾಯಿತು, ಸಾಯಂಕಾಲ ಮೈ ಬೆಚ್ಚಗಾಗುತ್ತಿತ್ತು. ಕಫ ಪರೀಕ್ಷೆ ಮಾಡಿಸಿದಾಗ ಕ್ಷಯ ಅಂತ ಬಂತು. ಪಿರಿಯಾಪಟ್ಟಣಕ್ಕೆ ನಾನೇ ಅವನನ್ನೂ ತಾಯಮ್ಮನನ್ನೂ ಕರೆದುಕೊಂಡು ಹೋದೆ.

ಅಲ್ಲಿ ಆಗ ಇದ್ದ ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆಯವರು. "ಹೆದರಬೇಡಿ. ಆರು ತಿಂಗಳು ಮಾತ್ರೆ ತಗೊಂಡ್ರೆ ಪೂರ್ತಿ ಕ್ಯೂರ್ ಆಗುತ್ತೆ" ಅಂದರು.

ಆ ಮಾತು ಕೇಳಿದ್ದೇ ಬೋರಣ್ಣನ ಮುಖ ಅರಳಿತು. ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತವನು ನೆಟ್ಟಗೆ ಕೂತ. "ಕ್ಯೂರಾಯ್ತದಾ ಸಾ?" ಅಂತ ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡ. ಧೈರ್ಯ ಬಂತಲ್ಲ ಅಂತ ನನಗೂ ಖುಷಿ. ಮಾತ್ರೆ ತಗೊಂಡರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಗಾಬರಿಯಾಗಬೇಡಿ ಅಂತಲೂ, ಕಣ್ಣು ಹಳದಿಯಾದರೆ ಮಾತ್ರ ತಕ್ಷಣ ಬಂದು ತೋರಿಸಿ ಅಂತಲೂ ಡಾಕ್ಟರು ಹೇಳಿ ಕಳಿಸಿದರು.

ಮಾತ್ರೆ ಕೊಡುವ ಕ್ರಮ ನನ್ನ ಕಾಲದಲ್ಲೇ ಎರಡು ಮೂರು ಸಲ ಬದಲಾಯಿತು. ಮೊದಲು ದಿನ ಬಿಟ್ಟು ದಿನ, ನಮ್ಮ ಕಣ್ಣೆದುರಿಗೇ ನುಂಗಬೇಕಿತ್ತು. ನಾನು ನೀರಿನ ಬಾಟಲಿ ಹಿಡಿದು ಹೊಲದ ಬದುವಿನಲ್ಲಿ ನಿಲ್ಲುತ್ತಿದ್ದೆ. ಬಾಯಿ ತೆಗಿ, ನಾಲಿಗೆ ಎತ್ತು ಅಂತ ಮಕ್ಕಳಿಗೆ ಹೇಳುವಂತೆ ದೊಡ್ಡವರಿಗೆ ಹೇಳಬೇಕಿತ್ತು. ಆಮೇಲೆ ದಿನಾ ತಗೊಳ್ಳುವ ಮಾತ್ರೆ ಬಂತು, ಮನೆಯಲ್ಲೇ ಇಟ್ಟುಕೊಳ್ಳಬಹುದು ಅಂತಾಯಿತು. ಬೋರಣ್ಣನಿಗೆ ಕೊಟ್ಟದ್ದು ಅಂಥದ್ದು. ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ.

ಮೊದಲ ಸಲ ಹೋದಾಗಲೇ ಅವನು ಬಾಗಿಲಿಗೆ ಬಂದು, "ಬಣ್ಣ ಬಂತು ಸಿಸ್ಟ್ರಮ್ಮ" ಅಂದ.

"ಬರುತ್ತೆ, ಡಾಕ್ಟ್ರು ಹೇಳಿರ್ಲಿಲ್ವಾ. ಭಯ ಬೇಡ" ಅಂದೆ.

"ಭಯ ಯಾಕೆ? ಬಣ್ಣ ಬರ್ದೆ ಇದ್ರೆ ತಾನೆ ಭಯ ಪಡ್ಬೇಕು."

ಒಳ್ಳೆ ರೋಗಿ ಅಂತ ಮೆಚ್ಚಿಕೊಂಡು ಬಂದೆ. ಅವನು ಯಾವ ಬಣ್ಣದ ಲೆಕ್ಕದಲ್ಲಿ ಮಾತಾಡುತ್ತಿದ್ದಾನೆ ಅಂತ ನನಗೆ ಹೊಳೆಯಲೇ ಇಲ್ಲ.

ಎರಡು ತಿಂಗಳಲ್ಲಿ ಕೆಮ್ಮು ನಿಂತಿತು. ಕಫ ಪರೀಕ್ಷೆ ಮಾಡಿಸಿದರೆ ಅದರಲ್ಲಿ ರೋಗಾಣು ಇಲ್ಲ ಅಂತ ಬಂತು. ಮುದ್ದೆ ಎರಡಾಯಿತು, ಅಂಗಿ ಮೈಗೆ ಕೂತಿತು. ಡಾಕ್ಟರು ಒಂದು ಬಗೆಯ ಮಾತ್ರೆ ಕಡಿಮೆ ಮಾಡಿ, ಉಳಿದದ್ದನ್ನು ಇನ್ನು ನಾಲ್ಕು ತಿಂಗಳಿಗೆ ಮುಂದುವರಿಸಿದರು. ಅಷ್ಟರಲ್ಲಿ ಸೊಪ್ಪು ಮುರಿಯುವ ಕಾಲ ಬಂತು, ಊರಿನ ಬ್ಯಾರನ್ನುಗಳೆಲ್ಲ ಹೊಗೆಯಾಡತೊಡಗಿದವು. ಹೊಗೆ ಮುಂದೆ ನೀವು ಕೂರಬೇಡಿ, ಸೌದೆ ಬೇರೆಯವರು ಹಾಕಲಿ, ನೀವು ದೂರದಿಂದ ಹೇಳಿ ಅಂತ ಹೇಳಿ ಬಂದಿದ್ದೆ.

ಮುಂದಿನ ವಾರ ಹೋದರೆ ತಾಯಮ್ಮ ಜಗುಲಿಯಲ್ಲಿ ಸೊಪ್ಪು ಪೋಣಿಸುತ್ತಾ ಕೂತಿದ್ದಳು. ನನ್ನನ್ನು ನೋಡಿದ್ದೇ ಕೈಲಿದ್ದ ಸೊಪ್ಪು ಕೆಳಗೆ ಹಾಕಿದಳು. "ಬನ್ನಿ ಸಿಸ್ಟ್ರಮ್ಮ, ನೀವೇ ಕೇಳಿ. ಮಾತ್ರೆ ನಿಲ್ಸವ್ನೆ. ನಾಕು ದಿನ ಆಯ್ತು. ನಾನು ಏಳುದ್ರೆ, ನಿಂಗೇನ್ ಗೊತ್ತು ಕ್ಯೂರಿಂಗು ಅಂತಾನೆ."

ಬೋರಣ್ಣ ಒಳಗಿನಿಂದ ನಗುತ್ತಲೇ ಬಂದ. ಜಗಳಕ್ಕೆ ಬಂದವನ ಹಾಗೆ ಇರಲಿಲ್ಲ, ಬುದ್ಧಿ ಹೇಳಲು ಬಂದವನ ಹಾಗಿದ್ದ. "ಆಯ್ತಲ್ಲ ಸಿಸ್ಟ್ರಮ್ಮ. ಬಣ್ಣ ಬಂತು. ಆಮ್ಯಾಕೆ ಒಣಗ್ತು. ಕಫದಲ್ಲಿ ಏನೂ ಇಲ್ಲ ಅಂತ ನೀವೇ ಏಳುದ್ರಿ. ಇನ್ನೂ ಉರಿ ಆಕ್ತಾ ಕೂತ್ರೆ ಸೀದೋಯ್ತದೆ."

"ಏನು ಸೀದೋಗುತ್ತೆ?"

"ಎದೆ. ಆ ಮಾತ್ರೆ ಎಂಥಾ ಉಷ್ಣ ಅಂತೀರಿ. ಅದ್ರ ಮ್ಯಾಲೆ ಬ್ಯಾರನ್ ಕಾವು ಬ್ಯಾರೆ. ನಾನು ಎಷ್ಟ್ ಬ್ಯಾರನ್ ಕ್ಯೂರ್ ಮಾಡಿಲ್ಲ? ಆದ ಮ್ಯಾಲೆ ಬೆಂಕಿ ತೆಗೀಬೇಕು. ತೆಗ್ದೆ."

ಆಗ ನನಗೆ ಎಲ್ಲ ಒಟ್ಟಿಗೇ ತಿಳಿಯಿತು. ಡಾಕ್ಟರು ಕ್ಯೂರ್ ಅಂದಾಗ ಇವನಿಗೆ ಕೇಳಿಸಿದ್ದು ಬ್ಯಾರನ್ನಿನ ಮಾತು. ಮಾತ್ರೆ ಸೌದೆಯಾಯಿತು, ಎದೆ ಬ್ಯಾರನ್ನಾಯಿತು. ಮೂತ್ರ ಕಿತ್ತಳೆಯಾದದ್ದು ಸೊಪ್ಪಿಗೆ ಹಳದಿ ಬಂದದ್ದು. ಕೆಮ್ಮು ನಿಂತದ್ದು ಸೊಪ್ಪು ಒಣಗಿದ್ದು. ಅವನ ಪ್ರಕಾರ ಅವನು ಚಿಕಿತ್ಸೆ ಬಿಟ್ಟವನಲ್ಲ, ಸರಿಯಾದ ಹೊತ್ತಿಗೆ ಮುಗಿಸಿದವನು.

ನಾನು ಬೇಡಿದೆ, ಬೈದೆ. ಅರ್ಧಕ್ಕೆ ಬಿಟ್ಟರೆ ರೋಗ ಗಟ್ಟಿಯಾಗಿ ವಾಪಸ್ ಬರುತ್ತೆ, ಆಮೇಲೆ ಈ ಮಾತ್ರೆಗೆ ಜಗ್ಗುವುದಿಲ್ಲ ಅಂದೆ. ಡಾಕ್ಟರಿಗೆ ಫೋನ್ ಹಚ್ಚಿ ಅವನ ಕಿವಿಗೆ ಹಿಡಿದೆ. ಅವರೂ ಪಾಪ, "ಇನ್ನೂ ಪೂರ್ತಿ ಕ್ಯೂರ್ ಆಗಿಲ್ಲ ಬೋರಣ್ಣ" ಅಂದರು. ಅವನು ಫೋನ್ ವಾಪಸ್ ಕೊಟ್ಟು, "ಒಳ್ಳೆ ಉಡುಗ. ಬ್ಯಾರನ್ ನೋಡಿಲ್ಲ, ಪಾಪ" ಅಂದ.

ತಾಯಮ್ಮ ನನ್ನನ್ನು ಬೀದಿ ತುದಿಯವರೆಗೂ ಕಳಿಸಲು ಬಂದಳು. ಅಲ್ಲಿ ನಿಂತು, "ನಮ್ಮಪ್ಪನ್ಗೂ ಇದೇ ಬಂದಿದ್ದು. ಕೆಮ್ಮು ನಿಲ್ತು ಅಂತ ಮಾತ್ರೆ ಬುಟ್ರು. ಮುಂದಿನ್ ವರ್ಷ ಇರ್ಲಿಲ್ಲ" ಅಂದಳು. ಅಳಲಿಲ್ಲ. ಸೆರಗಿನಲ್ಲಿ ಕೈಯ ಸೊಪ್ಪಿನ ಜಿಗುಟು ಒರೆಸಿಕೊಂಡಳು. "ಎಂಗಾರ ಮಾಡಿ ಸಿಸ್ಟ್ರಮ್ಮ" ಅಂದು ಹಿಂದಿರುಗಿದಳು.

ಆವತ್ತು ಸಾಯಂಕಾಲ ಬಸ್ಸಿನಿಂದಲೇ ಅಣ್ಣಮ್ಮ ಮೇಡಮ್‌ಗೆ ಫೋನ್ ಮಾಡಿದೆ. ಅವರು ಒಂದು ಸಲವೂ ಬೈಯದೆ ಕೊನೆವರೆಗೂ ಕೇಳಿದರು. ಅದೇ ಆಶ್ಚರ್ಯ.

"ನೀನು ಅವನಿಗೆ ನಿನ್ನ ಕ್ಯೂರ್ ಹೇಳ್ತಾ ಇದ್ದೀಯ. ಅವನ ಕ್ಯೂರ್ ಏನು ಅಂತ ಪೂರ್ತಿ ಕೇಳಿದ್ದೀಯಾ?"

"ಬಣ್ಣ ಬರೋದು, ಒಣಗೋದು ಅಂದ ಮೇಡಮ್."

"ಅಷ್ಟೇನಾ? ಹೋಗಿ ನೋಡು. ಎರಡು ಕ್ಯೂರಿಗೂ ಅಮ್ಮ ಒಬ್ಬಳೇ ಮೋಳೇ, ಆ ಕೂರಾ. ಎಲ್ಲೋ ಒಂದು ಕಡೆ ಮುಖ ಹೋಲಲೇಬೇಕು."

ಮಾರನೆ ಬೆಳಗ್ಗೆ ತಿಂಡಿ ಹೊತ್ತಿಗೆ ನಾನು ಬೋರಣ್ಣನ ಮನೆಗೆ ಹೋಗದೆ ನೇರ ಹೊಲಕ್ಕೆ ಹೋದೆ. ಅವನು ಬ್ಯಾರನ್ನಿನ ಹೊರಗೆ, ಒಲೆಯಿಂದ ದೂರ, ಹೊಂಗೆ ನೆರಳಲ್ಲಿ ಮಂಕರಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿದ್ದ. ತಾಯಮ್ಮನ ತಮ್ಮ ಸೌದೆ ಒಟ್ಟುತ್ತಿದ್ದ. ನನ್ನನ್ನು ನೋಡಿ ಬೋರಣ್ಣ ಮತ್ತೆ ಬೈಗುಳ ಬಂತು ಅಂದುಕೊಂಡ.

"ಮಾತ್ರೆ ಮಾತು ಆಡಲ್ಲ. ಇಷ್ಟು ವರ್ಷ ಈ ಊರಲ್ಲಿದ್ದೀನಿ, ಬ್ಯಾರನ್ ಒಳಗೆ ಹೆಂಗಿರುತ್ತೆ ಅಂತ ನೋಡಿಲ್ಲ. ತೋರಿಸಿ" ಅಂದೆ.

ಅವನಿಗೆ ಇಷ್ಟು ಸಾಕಾಗಿತ್ತು. ಎದ್ದು ಚಿಕ್ಕ ಗಾಜಿನ ಕಿಂಡಿಯಲ್ಲಿ ಇಣುಕಿಸಿದ. ಒಳಗೆ ಸಾಲುಸಾಲಾಗಿ ನಿಂಬೆಹಣ್ಣಿನ ಬಣ್ಣ ತೂಗುತ್ತಿತ್ತು. ಇಷ್ಟು ವರ್ಷ ಹೊರಗಿನ ಮಸಿಗೋಡೆ ಮಾತ್ರ ನೋಡಿದ್ದ ನನಗೆ ಒಂದು ಕ್ಷಣ ಬಂದ ಕೆಲಸವೇ ಮರೆತು ಹೋಯಿತು. ಮೊದಲು ಸಣ್ಣ ಉರಿಯಲ್ಲಿ ಹಳದಿ ಬರಿಸಬೇಕು, ಆಮೇಲೆ ಉರಿ ಏರಿಸಿ ಕಿಂಡಿ ತೆಗೆದು ಎಲೆ ಒಣಗಿಸಬೇಕು ಅಂತ ಅವನು ಹೇಳುತ್ತಾ ಹೋದ. ಬಾಗಿಲು ಸ್ವಲ್ಪ ಸರಿಸಿ ಕೆಳಗಿನ ಅಟ್ಟದಿಂದ ಒಂದು ಎಲೆ ಕಿತ್ತು ನನ್ನ ಕೈಗಿಟ್ಟ. ಹಪ್ಪಳದ ಹಾಗೆ ಗರಿಗರಿಯಾಗಿತ್ತು.

"ಒಣಗಿದೆಯಲ್ಲ. ಇನ್ಯಾಕೆ ಸೌದೆ ದಂಡ? ಬೆಂಕಿ ಆರಿಸಿಬಿಡಿ" ಅಂದೆ.

ಬೋರಣ್ಣ ನನ್ನನ್ನು ಕನಿಕರದಿಂದ ನೋಡಿದ. "ಸಿಸ್ಟ್ರಮ್ಮ, ನೀವು ಸೂಜಿ ಚುಚ್ಚೋದೇ ಸರಿ." ಎಲೆಯ ನಡುವಿನ ದಂಟನ್ನು ಹಿಡಿದು ಬಗ್ಗಿಸಿದ. ಅದು ರಬ್ಬರಿನ ಹಾಗೆ ಬಾಗಿತು. "ನೋಡಿ, ಬಗ್ತದೆ. ಬಗ್ಬಾರ್ದು. ಮುರೀಬೇಕು. ಪಟ್ ಅನ್ಬೇಕು."

"ಈಗಲೇ ಆರಿಸಿದ್ರೆ ಏನಾಗುತ್ತೆ?"

"ದಂಟೊಳಗಿರೋ ನೀರು ವಾಪಸ್ಸು ಎಲೆಗೆ ಇಳೀತದೆ. ಚಿನ್ನದಂಗಿರೋ ಎಲೆ ಕೆಂಪ್ಗಾಗೋಯ್ತದೆ. ಅದ್ನೇ ಒತ್ತಿ ಬೇಲ್ ಕಟ್ಟಿ ಮೂಟೆ ಮಾಡುದ್ರೆ ಒಳಗೊಳಗೇ ಬೂಷ್ಟು ಇಡೀತದೆ. ಮ್ಯಾಲೆ ನೋಡುದ್ರೆ ಏನೂ ಕಾಣಕಿಲ್ಲ."

"ಅಂದ್ರೆ ಎಲೆ ಒಣಗಿದ ಮೇಲೂ ಬೆಂಕಿ ಬೇಕಾ?"

"ಎಲೆ ಒಣಗಿದ ಮ್ಯಾಲೇನೇ ಬೇಕು. ಅಲ್ಲೇ ಎಲ್ರೂ ಕೆಡೋದು. ದಂಟು ಬಲು ಜಿಪುಣ ಕಣ್ರೀ, ಬ್ಯಾಗ ನೀರು ಬುಡಕಿಲ್ಲ."

ತಾಯಮ್ಮ ರೊಟ್ಟಿ ಬುತ್ತಿ ತಂದು ನಮ್ಮ ಹಿಂದೆಯೇ ನಿಂತಿದ್ದಳು. ಅದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಬುತ್ತಿ ಕೆಳಗಿಟ್ಟು, "ಸಿಸ್ಟ್ರಮ್ಮ, ಇವನ್ ದಂಟು ಒಣಗಿದ್ದದಾ ಕೇಳಿ" ಅಂದಳು.

"ಯಾವ್ ದಂಟು?" ಅಂದ ಬೋರಣ್ಣ.

"ನಿನ್ ಎದೇದು. ಎಲೆ ಒಣಗ್ತು ಅಂತ ಐದು ದಿನದಿಂದ ಬೆಂಕಿ ಆರ್ಸ್ಕಂಡು ಕೂತಿದ್ದೀಯಲ್ಲ, ಬಗ್ಸಿ ನೋಡ್ದಾ? ಪಟ್ ಅಂತಾ? ಊರ್ನೋರ್ ಸೊಪ್ಗೆಲ್ಲ ಬುದ್ಧಿ ಏಳ್ತೀಯ. ನಿನ್ ಸೊಪ್ಗೆ ಯಾರ್ ಏಳ್ಬೇಕು?"

ತಾಯಮ್ಮನ ತಮ್ಮ ಸೌದೆ ಹಿಡಿದವನು ಹಾಗೇ ನಿಂತ. ಬೋರಣ್ಣ ಕೈಯಲ್ಲಿದ್ದ ಎಲೆಯ ದಂಟನ್ನು ಇನ್ನೊಮ್ಮೆ ಬಗ್ಗಿಸಿದ. ಬಿಟ್ಟ. ಮತ್ತೆ ಬಗ್ಗಿಸಿದ. ಆಮೇಲೆ ನನ್ನ ಕಡೆ ತಿರುಗಿ, ಮೊದಲ ಸಲ ನಿಜವಾಗಿ ಕೇಳಿದ. "ಎದೆ ಒಳಗೂ ದಂಟು ಇದ್ದದಾ ಸಿಸ್ಟ್ರಮ್ಮ?"

ಇದ್ದ ಹಾಗೇ ಹೇಳಿದೆ. ಕಫದಲ್ಲಿ ಕಾಣುವ ರೋಗಾಣು ಎಲೆಯ ನೀರಿದ್ದ ಹಾಗೆ, ಬೇಗ ಹೋಗುತ್ತೆ. ಒಳಗೆ ಆಳದಲ್ಲಿ ಕೆಲವು ಅಡಗಿ ಮಲಗಿರುತ್ತವೆ, ಅವು ದಂಟಿನ ನೀರು. ಮೊದಲ ಎರಡು ತಿಂಗಳ ಮಾತ್ರೆ ಎಲೆಗೆ, ಉಳಿದ ನಾಲ್ಕು ತಿಂಗಳದ್ದು ದಂಟಿಗೆ. ಈಗ ನಿಲ್ಲಿಸಿದರೆ ಅವು ಎದ್ದು ವಾಪಸ್ ಇಳಿಯುತ್ತವೆ ಅಂದೆ.

"ಇದ್ನ ಮೊದ್ಲೇ ಏಳೋದಲ್ವಾ?" ಅಂದ ಅವನು, ಸ್ವಲ್ಪ ಮುನಿಸಿನಲ್ಲೇ. "ಎಲ್ರೂ ಕ್ಯೂರು ಕ್ಯೂರು ಅಂದ್ರಿ. ಒಬ್ರಾರ ದಂಟಿನ್ ಸುದ್ದಿ ಎತ್ತುದ್ರಾ?"

ಉಷ್ಣದ ಮಾತು ಇನ್ನೂ ಬಾಕಿ ಇತ್ತು. "ದಂಟಿಗೆ ನಾವು ಉರಿ ಜಾಸ್ತಿ ಮಾಡ್ತೀವಿ. ಅಂಗಾರೆ ನನ್ಗೂ ಮಾತ್ರೆ ಜಾಸ್ತಿ ಆಯ್ತದಾ?" ಅಂತ ಕೇಳಿದ.

"ಇಲ್ಲ, ಆಸ್ಪತ್ರೆಯಲ್ಲಿ ಕೊನೇಲಿ ಉರಿ ಇಳಿಸ್ತಾರೆ. ಆಗಲೇ ಒಂದು ಬಗೆ ಮಾತ್ರೆ ಕಡಿಮೆ ಮಾಡಿದಾರಲ್ಲ."

ಅವನು ಸ್ವಲ್ಪ ಯೋಚಿಸಿ, "ನಿಮ್ ಬ್ಯಾರನ್ನೇ ಬ್ಯಾರೆ ಬುಡಿ" ಅಂದ. ಮೊದಲು ನಕ್ಕವಳು ತಾಯಮ್ಮ. ಆಮೇಲೆ ಅವನೂ ತನ್ನ ಮಾತಿಗೆ ತಾನೇ ನಕ್ಕ. ತಾಯಮ್ಮ ಬುತ್ತಿಯ ಬಟ್ಟೆ ಬಿಚ್ಚಿದಳು. ರೊಟ್ಟಿ ಮೇಲೆ ಹುಚ್ಚೆಳ್ಳು ಚಟ್ನಿ, ಅದರ ಪಕ್ಕದಲ್ಲಿ ಮಾತ್ರೆಯ ಪಟ್ಟಿ ಇತ್ತು. ಅವಳು ಅದನ್ನು ತಂದೇ ಬಂದಿದ್ದಳು. ಬೋರಣ್ಣ ಮಾತ್ರೆ ಬಿಡಿಸಿಕೊಂಡು ನುಂಗಿದ. ನಾನು ಅಭ್ಯಾಸಬಲದಿಂದ ನಾಲ್ಗೆ ಎತ್ತಿ ಅಂದುಬಿಟ್ಟೆ. ಎತ್ತಿ ತೋರಿಸಿದ.

ತಪ್ಪಿದ ದಿನಗಳನ್ನು ಡಾಕ್ಟರು ಕೊನೆಗೆ ಸೇರಿಸಿಕೊಟ್ಟರು. ಅಲ್ಲಿಂದ ಅವನು ಒಂದು ದಿನವೂ ಬಿಡಲಿಲ್ಲ. ಸೊಪ್ಪಿನ ಬೇಲ್‌ಗಳು ಹರಾಜಿನ ಪ್ಲಾಟ್‌ಫಾರಮ್ಮಿಗೆ ಹೊರಟ ದಿನ ಲಾರಿ ನಿಲ್ಲಿಸಿ ಮಾತ್ರೆ ತಗೊಂಡ ಅಂತ ತಾಯಮ್ಮ ಹೇಳಿದಳು. ನಾನೂ ಆಮೇಲೆ ಊರೂರಲ್ಲಿ ಮಾತು ಬದಲಾಯಿಸಿಕೊಂಡೆ. ಗಾರೆ ಕೆಲಸದವರಿಗೆ, "ನೀರು ಬಿಡೋದನ್ನ ಅರ್ಧಕ್ಕೆ ನಿಲ್ಲಿಸಿದ್ರೆ ತಾರಸಿ ಏನಾಗುತ್ತೆ?" ಅಂತ ಕೇಳುತ್ತಿದ್ದೆ. ಸೊಪ್ಪಿನವರಿಗೆ ದಂಟಿನ ಮಾತು. ಹೊಸ ಹುಡುಗಿಯರೇ, ನಿಮಗೂ ಇಷ್ಟೇ ಹೇಳುವುದು. ನೀವು ಆಡುವ ಮಾತು ಆ ಮನೆಯಲ್ಲಿ ಆಗಲೇ ಬೇರೆ ಕೆಲಸಕ್ಕೆ ಇರುತ್ತೆ. ಒಳಗೆ ಹೋಗಿ ಅದು ಏನು ಮಾಡುತ್ತಿದೆ ಅಂತ ನೋಡಿಕೊಂಡು ಬನ್ನಿ.

ಆರು ತಿಂಗಳು ತುಂಬಿದಾಗ ಇನ್ನೊಂದು ತಾಪತ್ರಯ ಬಂತು. ಡಾಕ್ಟರು, "ಕೊನೇ ಸಲ ಕಫ ಪರೀಕ್ಷೆ ಮಾಡಿದ್ರೆ ಕ್ಯೂರ್ಡ್ ಅಂತ ಹೇಳಬಹುದು. ಕಫ ಸಿಗದಿದ್ರೆ ಚಿಕಿತ್ಸೆ ಮುಗಿದಿದೆ ಅಂತ ಮಾತ್ರ" ಅಂದರು.

ಬೋರಣ್ಣ ಬಿಡಲಿಲ್ಲ. "ಮುಗೀತು ಅಂದ್ರೆ ಸೌದೆ ಮುಗೀತು ಅಂತಲೋ, ಸೊಪ್ಪಾಯ್ತು ಅಂತಲೋ ಸಾ?"

ಡಾಕ್ಟರು ನನ್ನ ಮುಖ ನೋಡಿದರು. "ಸೌದೆ ಮುಗಿದಿದೆ ಅಂತ" ಅಂದೆ ನಾನು.

"ಅಂಗಾರೆ ನಂಗೆ ಅದು ಬ್ಯಾಡ. ಬಗ್ಸಿ ನೋಡೇ ಏಳಿ."

ಆದರೆ ಕಫ ಎಲ್ಲಿಂದ ತರುವುದು? ಎದೆ ಅಷ್ಟು ಚೊಕ್ಕಟವಾಗಿತ್ತು. ಬಿಸಿನೀರು ಕುಡಿಸಿದೆವು. ಉಸಿರು ಎಳೆದು ಬಿಡು ಅಂದೆವು. ಆಸ್ಪತ್ರೆ ಹಿಂದಿನ ಬೇವಿನ ಮರದ ಕೆಳಗೆ ಡಬ್ಬಿ ಹಿಡಿದು ನಿಂತು ಅವನು ಕೆಮ್ಮಲು ನೋಡಿದ, ಉಗುಳು ಬಿಟ್ಟು ಬೇರೇನೂ ಬರಲಿಲ್ಲ. ತಾಯಮ್ಮ ಪಕ್ಕದಲ್ಲಿ ನಿಂತು, "ಆವತ್ತು ಕೆಮ್ಬ್ಯಾಡ ಅಂದ್ರೆ ಊರೆಲ್ಲ ಕೇಳಂಗೆ ಕೆಮ್ತಿದ್ದೆ. ಇವತ್ತು ಸರ್ಕಾರವೇ ಕೆಮ್ಮು ಅಂತದೆ, ಬಾಯಿ ಕಟ್ಕಂಡಿದ್ದೀಯ" ಅಂದಳು. ಅವನಿಗೆ ನಗು ಬಂತು. ನಗುತ್ತಾ ನಗುತ್ತಾ ಉಸಿರು ಸಿಕ್ಕಿಹಾಕಿಕೊಂಡು ಒಂದು ಒಳ್ಳೆ ಕೆಮ್ಮು ಬಂತು. ನಾನು ಡಬ್ಬಿ ಮುಚ್ಚಿ ಓಡಿದೆ. ಮಾರನೆ ಬೆಳಗ್ಗೆ ಎದ್ದ ಕೂಡಲೇ ಮನೆಯಲ್ಲೇ ಇನ್ನೊಂದು ಸಲ ತೆಗೆದು ಅವನೇ ತಂದುಕೊಟ್ಟ.

ಫಲಿತಾಂಶ ತಗೊಳ್ಳಲು ಮೂವರೂ ಹೋದೆವು. ಡಾಕ್ಟರು ಮೊದಲು, ಕಫದ ಜೊತೆಗೇ ತೆಗೆಸಿದ್ದ ಎಕ್ಸರೇ ಬೆಳಕಿಗೆ ಹಿಡಿದರು. ಬೋರಣ್ಣ ಎದ್ದು ಅವರ ಪಕ್ಕಕ್ಕೆ ಹೋಗಿ, ಎಲೆ ನೋಡುವವನ ಹಾಗೆ ಕತ್ತು ಓರೆ ಮಾಡಿ ತಾನೂ ನೋಡಿದ. ಡಾಕ್ಟರು, "ಕಫದಲ್ಲೂ ಏನಿಲ್ಲ. ಕ್ಯೂರ್ ಆಗಿದ್ದೀರಿ ಬೋರಣ್ಣ. ಇನ್ನು ಮಾತ್ರೆ ಬೇಡ" ಅಂದರು. ತಾಯಮ್ಮ ಬ್ಯಾಗಿನ ಹಿಡಿ ಬಿಗಿಯಾಗಿ ಹಿಡಿದು ಎದ್ದಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಬೋರಣ್ಣ ನನಗೂ ತಾಯಮ್ಮನಿಗೂ ಮೆಣಸಿನಕಾಯಿ ಬೋಂಡ ಕೊಡಿಸಿದ. ತಾನು ಮೊದಲ ತುತ್ತಿಗೇ ಕೆಮ್ಮಿದ. ಬಗ್ಗಿ, ಕಣ್ಣಲ್ಲಿ ನೀರು ಬಂದು, ನಿಲ್ಲದೆ ಕೆಮ್ಮಿದ. ತಾಯಮ್ಮನ ಕೈಯ ಬೋಂಡ ಹಾಗೇ ನಿಂತಿತು. ಅವಳ ಮುಖದ ಬಣ್ಣ ಇಳಿದು ಹೋದದ್ದು ನನಗೆ ಕಂಡಿತು.

ಬೋರಣ್ಣ ತಲೆ ಎತ್ತಿದ, ಕಣ್ಣು ಒರೆಸಿಕೊಂಡ. "ಕಾರ ಕಣೆ" ಅಂದ.

ತಾಯಮ್ಮ ಅವನ ಬೆನ್ನಿಗೆ ಒಂದು ಗುದ್ದು ಹಾಕಿದಳು. ಅದು ಕೆಮ್ಮಿಗೆ ಕೊಟ್ಟ ಗುದ್ದಲ್ಲ, ಅಂಗಡಿಯವನೇ ತಿರುಗಿ ನೋಡಿದ. ಆಮೇಲೆ ಅವಳು ನಗಲು ಶುರು ಮಾಡಿದಳು. ನಗು ನಿಲ್ಲಿಸಲಾಗದೆ ಬೆಂಚಿನ ಮೇಲೆ ಕೂತಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಅಂಗಡಿಯವನಿಗೆ, "ಇನ್ನೊಂದು ಪ್ಲೇಟು ಆಕಪ್ಪ. ಕಾರವಾಗೇ ಇರ್ಲಿ" ಅಂದಳು.